ಬಸ್ಸಿನ ಅರ್ಜಿ

ನನ್ನ ಕನ್ನಡ ಚೆನ್ನಾಗಿದೆ ಎಂಬುದೇ ನಮ್ಮ ಊರಿಗೆ ಹಿಡಿದ ಶನಿ. ಪ್ರಾಥಮಿಕ ಶಾಲೆಯ ಟೀಚರಾಗಿ ನಿವೃತ್ತಳಾದ ಮೇಲೆ ಊರಿನ ಅರ್ಜಿಗಳೆಲ್ಲ ನನ್ನ ಜಗಲಿಗೆ ಬರತೊಡಗಿದವು. ದಾರಿದೀಪಕ್ಕೆ, ನಳ್ಳಿ ನೀರಿಗೆ, ವಿಧವಾ ವೇತನಕ್ಕೆ, ಎಲ್ಲದಕ್ಕೂ ನಾನೇ. ಮನೆಯಲ್ಲಿ ತುಳುವೋ ಬ್ಯಾರಿಯೋ ಮಾತನಾಡುವವರಿಗೆ ಕಚೇರಿಯ ಕನ್ನಡವೆಂದರೆ ಇಸ್ತ್ರಿ ಹಾಕಿದ ಅಂಗಿಯ ಹಾಗೆ, ಹಾಕಿಕೊಂಡು ಹೋದರೆ ಮರ್ಯಾದೆ. ನಾನು ಬರೆದದ್ದನ್ನು ಯಾರೂ ಓದಿ ನೋಡುತ್ತಿರಲಿಲ್ಲ. "ಟೀಚರ್ ಬರೆದದ್ದಲ್ವಾ, ಸರಿಯೇ ಇರ್ತದೆ" ಎಂದು ಸಹಿ ಹಾಕಿ ಹೋಗುತ್ತಿದ್ದರು. ನನಗೂ ಒಳಗೊಳಗೇ ಜಂಬ.

ನಮ್ಮದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ತಾಲೂಕು ಕೂಡುವ ಮೂಲೆ. ತಾಲೂಕು ಕಚೇರಿಗೆ ಬೆಳ್ತಂಗಡಿ, ಮಕ್ಕಳ ಕಾಲೇಜಿಗೆ ಮೂಡುಬಿದಿರೆ, ಆಸ್ಪತ್ರೆಗೆ ಬಂಟ್ವಾಳ. ರಸ್ತೆಯಲ್ಲಿ ಹೊಂಡ ಬಿದ್ದರೆ ಮಾತ್ರ ಮೂರೂ ಕಡೆಯವರು "ಅದು ಆಚೆಯವರದ್ದು" ಎನ್ನುತ್ತಾರೆ. ಇಂಥ ಊರಿಗೆ ಇದ್ದದ್ದು ಒಂದೇ ಬಸ್ಸು, ಖಾಸಗಿಯವರದ್ದು. ಬೆಳಿಗ್ಗೆ ಏಳಕ್ಕೆ ಬಂಟ್ವಾಳದ ಕಡೆ ಹೊರಟರೆ ಸಂಜೆ ವಾಪಸು.

ಆ ಬಸ್ಸೇ ನಮ್ಮ ವಿಧಾನಸಭೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಬೇಡ ಎಂದು ಸರ್ಕಾರ ಸಾರಿದ ಮೇಲಂತೂ ಕೇಳುವುದೇ ಬೇಡ. "ಫ್ರೀ ಕೊಟ್ಟು ಕೊಟ್ಟು ರಾಜ್ಯ ದಿವಾಳಿ ಮಾಡ್ತಾರೆ ಮಾರಾಯ್ರೆ" ಎಂದು ಹಿಂದಿನ ಸೀಟಿನಿಂದ ಒಬ್ಬರು. "ನಿಮ್ಮ ಜೇಬಿನಿಂದ ಕೊಟ್ಟದ್ದಾ? ನಿಮಗ್ಯಾಕೆ ಹೊಟ್ಟೆಯುರಿ?" ಎಂದು ಮುಂದಿನಿಂದ ಹೆಂಗಸರು. ಬೀಡಿ ಕಟ್ಟಿ ಕಂಪೆನಿಯ ಬ್ರಾಂಚಿಗೆ ಕೊಂಡೊಯ್ಯುವ ಒಬ್ಬಳು ಹೇಳಿದ ಮಾತಿಗೆ ಇಡೀ ಬಸ್ಸು ನಕ್ಕಿತ್ತು: "ಮದುವೆಗೆ ಎಲ್ಲರೂ ಬನ್ನಿ ಅಂದಿದ್ದಾರೆ, ಹಾಲ್ ಎಲ್ಲಿ ಅಂತ ಹೇಳಿಲ್ಲ." ನಿಜವೇ. ಫ್ರೀ ಇತ್ತು, ನಮ್ಮೂರಿಗೆ ಸರ್ಕಾರಿ ಬಸ್ಸೇ ಇರಲಿಲ್ಲ.

ಆ ಬಸ್ಸಿಗೆ ವಾರಕ್ಕೆ ಮೂರು ದಿನ ತಪ್ಪದೆ ಹತ್ತುತ್ತಿದ್ದವರು ನನ್ನ ಪಕ್ಕದ ಮನೆಯಾಕೆ. ಬ್ಯಾರಿಗಳು, ಗಂಡ ತೀರಿಹೋದ ಮೇಲೆ ಒಬ್ಬರೇ. ಮಗಳನ್ನು ಬಂಟ್ವಾಳದ ಪಕ್ಕದ ಪೇಟೆ ಬಿ.ಸಿ. ರೋಡಿಗೆ ಕೊಟ್ಟಿದ್ದರು. ಎರಡೂ ಕಿಡ್ನಿ ಕೈಕೊಟ್ಟು, ಬಂಟ್ವಾಳದ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಡಯಾಲಿಸಿಸ್. ಅದು ತಪ್ಪಿದರೆ ಕಾಲು ಬಾತುಕೊಂಡು ಉಸಿರಾಡುವುದೇ ಕಷ್ಟ. ಹಾಗಿದ್ದರೂ ಆಡು, ಕೋಳಿ, ಅಂಗಳದ ಮಲ್ಲಿಗೆ ಬಿಟ್ಟು ಮಗಳ ಮನೆಗೆ ಹೋಗಲು ಸುತರಾಂ ಒಪ್ಪಿರಲಿಲ್ಲ. "ಬಸ್ಸು ಉಂಟಲ್ಲ ಟೀಚರೆ, ಮತ್ತೆ ಎಂತಕ್ಕೆ?" ಎನ್ನುತ್ತಿದ್ದರು. ಕಂಡಕ್ಟರ್ ಅವರನ್ನು ತಾಯಿಯ ಹಾಗೆ ಉಮ್ಮ ಎಂದೇ ಕರೆಯುತ್ತಿದ್ದ, ಅವರಿಗಾಗಿ ಮೋರಿಯ ಹತ್ತಿರ ಬಸ್ಸು ನಿಲ್ಲಿಸಿ ಕಾಯುತ್ತಿದ್ದ. "ಉಮ್ಮ ಬರಲಿ, ಅವಸರ ಇದ್ದವರು ನಡೆದುಕೊಂಡು ಹೋಗಿ" ಎಂದು ನಮ್ಮನ್ನೇ ಗದರಿಸುತ್ತಿದ್ದ.

ಅವರಿಗೆ ಓದು ಬರಹ ಕಲಿಸಿದ್ದೂ ನಾನೇ. ಹಿಂದೆ ಸಾಕ್ಷರತೆಯ ತರಗತಿ ನಡೆಸುತ್ತಿದ್ದಾಗ ಸ್ಲೇಟು ಹಿಡಿದು ಬಂದು ಕೂತವರಲ್ಲಿ ಅವರೊಬ್ಬರು. ಹೆಬ್ಬೆಟ್ಟು ಬಿಟ್ಟು ಮೊದಲ ಸಹಿ ಹಾಕಿದ ದಿನ ನನಗೆ ಪತ್ತಿರ್, ಅವರ ಅಕ್ಕಿರೊಟ್ಟಿ, ಮಾಡಿ ತಂದು ಕೊಟ್ಟಿದ್ದರು.

ಆ ಕಂಡಕ್ಟರಿಗೂ ನನಗೂ ಆಗಿಬರುತ್ತಿರಲಿಲ್ಲ. ಚಿಲ್ಲರೆ ಕೇಳಿದರೆ "ನಾಳೆ" ಎನ್ನುತ್ತಿದ್ದ. ಒಂದು ದಿನ ನಾನು ಸರಿಯಾಗಿ ಜೋರು ಮಾಡಿದೆ. ಅವನು ಸೀಟಿ ಬಾಯಿಂದ ತೆಗೆದು, "ಫ್ರೀ ಬೇಕಾದ್ರೆ ಘಟ್ಟ ಹತ್ತಿ ಟೀಚರೆ, ಅಲ್ಲಿ ಸರ್ಕಾರದ ಬಸ್ಸು ಬೇಕಾದಷ್ಟು ಉಂಟು" ಎಂದ. ಬಸ್ಸಿಡೀ ನಗು. ನನ್ನ ಕೈಯಲ್ಲಿ ಕಲಿತವರೂ ನಕ್ಕರು. ಮೈಯೆಲ್ಲ ಉರಿದುಹೋಯಿತು. ನೋಡ್ತೇನೆ ಮಗನೇ ನಿನ್ನನ್ನು, ಎಂದುಕೊಂಡು ಇಳಿದೆ.

ಮರುದಿನವೇ ಸರ್ಕಾರಿ ಬಸ್ಸಿಗೆ ಅರ್ಜಿ, ಪರ್ಮಿಟ್ಟಿನ ಕಚೇರಿಗೂ ಒಂದು ಪ್ರತಿ. ಜಗಲಿ ತುಂಬ ಹೆಂಗಸರು. ಪಕ್ಕದ ಮನೆಯಾಕೆ ಮೂಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದರು. "ಸರ್ಕಾರದ್ದು ಬರಲಿ ಟೀಚರೆ, ಒಳ್ಳೆಯದೇ. ಆದರೆ ಇವನದ್ದೂ ಇರಲಿ. ಎರಡೂ ಬೇಕು ಅಂತ ಬರೀರಿ" ಎಂದರು. "ಹಾಗೆಲ್ಲ ಬರೆದರೆ ಅರ್ಜಿಗೆ ತೂಕ ಇಲ್ಲ, ನಿಮಗೆ ಗೊತ್ತಾಗುವುದಿಲ್ಲ" ಎಂದು ನಾನು ಅವರ ಬಾಯಿ ಮುಚ್ಚಿಸಿದೆ. ಆಮೇಲೆ ಬರೆದೆ: "ಖಾಸಗಿ ಬಸ್ಸಿನ ಸುಲಿಗೆಯಿಂದ ನಾವು ರೋಸಿಹೋಗಿರುತ್ತೇವೆ. ಸದರಿ ಬಸ್ಸಿನ ಅಗತ್ಯವು ನಮಗೆ ಇನ್ನು ಮುಂದೆ ಇರುವುದಿಲ್ಲ." ಬರೆದು ಮುಗಿಸಿ ಒಮ್ಮೆ ಮನಸ್ಸಿನಲ್ಲೇ ಓದಿಕೊಂಡೆ. ಎಷ್ಟು ಚೆನ್ನಾಗಿ ಬಂದಿದೆ ಎನಿಸಿತು. ರೋಗಿ ಎಂಬ ಕಾರಣಕ್ಕೆ ಮೊದಲ ಸಹಿ ಪಕ್ಕದ ಮನೆಯಾಕೆಯಿಂದಲೇ ಹಾಕಿಸಿದೆ. "ಎಂತ ಬರೆದಿದ್ದೀರಿ?" ಎಂದು ಕೇಳಿದರು. "ಎಲ್ಲ ಸರಿಯಾಗಿ ಬರೆದಿದ್ದೇನೆ, ನೀವು ಹಾಕಿ" ಎಂದೆ. ಹಾಕಿದರು.

ಅರ್ಜಿ ಫಲಿಸಿತು. ಜೀವಮಾನದಲ್ಲಿ ಬೇರೆ ಯಾವ ಅರ್ಜಿಯೂ ಅಷ್ಟು ಬೇಗ ಫಲಿಸಿರಲಿಲ್ಲ. ಬಾಳೆಕಂದು ಕಟ್ಟಿ, ತೆಂಗಿನಕಾಯಿ ಒಡೆದು ಸರ್ಕಾರಿ ಬಸ್ಸನ್ನು ಬರಮಾಡಿಕೊಂಡೆವು. ನನಗೊಂದು ಶಾಲು ಹೊದೆಸಿದರು. ಹೆಂಗಸರೆಲ್ಲ ಅದಕ್ಕೇ ಹತ್ತಿದೆವು. ಖಾಸಗಿ ಬಸ್ಸಿಗೆ ನಾಲ್ಕು ಗಂಡಸರು ಉಳಿದರು, ಎಷ್ಟು ದಿನ ಓಡಿಸಿಯಾರು? ಮಳೆ ಶುರುವಾಗುವ ಮೊದಲೇ ಅದರ ಧಣಿಗಳು ಪರ್ಮಿಟ್ಟು ಬಿಟ್ಟುಕೊಟ್ಟು ಬಸ್ಸನ್ನು ಬೇರೆ ದಾರಿಗೆ ಹಾಕಿದರು. ಕೊನೆಯ ದಿನ ಕಂಡಕ್ಟರ್ ಮೋರಿಯ ಹತ್ತಿರ ನಿಲ್ಲಿಸಿ, "ಉಮ್ಮ, ಜಾಗ್ರತೆ ಆಯ್ತಾ" ಎಂದು ಹೇಳಿ ಹೋದ. ನಾನು ಅಂಗಳದಲ್ಲಿದ್ದೆ. ಗೆದ್ದೆ ಎಂದು ಖುಷಿಪಟ್ಟೆ, ಸುಳ್ಳು ಹೇಳುವುದಿಲ್ಲ.

ಆಮೇಲೆ ಸರ್ಕಾರಿ ಬಸ್ಸು ಶನಿವಾರ ಬರಲಿಲ್ಲ. ಫೋನ್ ಮಾಡಿದರೆ, ಧರ್ಮಸ್ಥಳಕ್ಕೆ ರಶ್ಶು, ಅಲ್ಲಿಗೆ ಹಾಕಿದ್ದೇವೆ, ತಾತ್ಕಾಲಿಕ ಎಂದರು. ಆಮೇಲೆ ಸೋಮವಾರವೂ ಇಲ್ಲ. ಘಟ್ಟದ ಮೇಲಿನಿಂದ ಬರುವ ಹೆಂಗಸರಿಗೂ ಫ್ರೀ ತಾನೇ? ಅವರು ದೇವರನ್ನು ನೋಡಬಾರದು ಎಂದು ನಾನು ಹೇಗೆ ಹೇಳಲಿ? ಕೊನೆಗೆ ಬಸ್ಸು ಪೂರ್ತಿ ನಿಂತಿತು. ಮುಖ್ಯರಸ್ತೆಗೆ ನಡೆಯಬೇಕಾದರೆ ಒಂದು ಗಂಟೆ, ಅದೂ ಏರು. ಊರವರಿಗೆ ಈಗ ಹೊಸ ಅಭಿಪ್ರಾಯ ಹುಟ್ಟಿತು. ಒಬ್ಬರು ಸರ್ಕಾರಕ್ಕೆ ಬೈದರು, ಇನ್ನೊಬ್ಬರು ಬಸ್ಸಿನ ಧಣಿಗಳಿಗೆ. ಬೀಡಿಯ ಹೆಂಗಸು ಮಾತ್ರ ನನ್ನ ಮುಖಕ್ಕೇ ಹೇಳಿದಳು: "ಕೋಲು ಕೊಟ್ಟು ಪೆಟ್ಟು ತಿಂದ ಹಾಗಾಯ್ತಲ್ಲ ಟೀಚರೆ."

ಪಕ್ಕದ ಮನೆಯಾಕೆ ಸ್ವಲ್ಪ ಸಮಯ ರಿಕ್ಷಾದಲ್ಲಿ ಹೋದರು. ವಾರಕ್ಕೆ ಮೂರು ಸಲ ರಿಕ್ಷಾ ಅಂದರೆ ಯಾರಿಗೆ ಪೂರೈಸುತ್ತದೆ? ಮೂರು ಎರಡಾಯಿತು. ಒಂದು ದಿನ ಆಡಿಗೆ ಸೊಪ್ಪು ಹಾಕುತ್ತಿದ್ದಲ್ಲೇ ಕುಸಿದರು. ಮಗಳು ಬಂದು ಅಳುತ್ತಾ ಕರೆದುಕೊಂಡು ಹೋದಳು. ಆಡನ್ನು ಮಾರಿದರು, ಕೋಳಿಗಳನ್ನು ನನಗೆ ಕೊಟ್ಟರು. "ಬಸ್ಸು ಶುರುವಾದ ದಿನ ಬರ್ತೇನೆ, ಮಲ್ಲಿಗೆಗೆ ನೀರು ಹಾಕಿ" ಎಂದರು.

ಹಾಗಾಗಿ ನಾನು ಖಾಸಗಿ ಬಸ್ಸನ್ನು ಮತ್ತೆ ಬಿಡಿಸಲು ಓಡಾಡಿದೆ. ಹೌದು, ಅದೇ ಬಸ್ಸನ್ನು. ಧಣಿಗಳು ಒಪ್ಪಿದರು, ಆದರೆ ಪರ್ಮಿಟ್ಟು ಹೊಸದಾಗಿ ಆಗಬೇಕು. ಪರ್ಮಿಟ್ಟಿನ ಕಚೇರಿಯಲ್ಲಿ ಅಧಿಕಾರಿ ಸಂಭಾವಿತರು, ಕುರ್ಚಿ ಕೊಟ್ಟು ಕೂರಿಸಿದರು. ಫೈಲು ತರಿಸಿ, ಕನ್ನಡಕ ಏರಿಸಿ ನನ್ನದೇ ವಾಕ್ಯವನ್ನು ನನಗೆ ಓದಿ ಹೇಳಿದರು. "ಅಗತ್ಯ ಇರುವುದಿಲ್ಲ ಅಂತ ನೀವೇ ಬರೆದು ಕೊಟ್ಟಿದ್ದೀರಲ್ಲ ಮೇಡಂ. ಮತ್ತೆ, ದಾಖಲೆಯ ಪ್ರಕಾರ ಸರ್ಕಾರಿ ಬಸ್ಸು ಈಗಲೂ ನಿಮ್ಮೂರಿಗೆ ಓಡ್ತಾ ಉಂಟು. ನಾವು ಹೇಗೆ ಇನ್ನೊಂದು ಕೊಡುದು?" ಕನ್ನಡಕ ಇಳಿಸಿ, "ಭಾಷೆ ಮಾತ್ರ ಬಹಳ ಚೆನ್ನಾಗಿ ಉಂಟು" ಎಂದರು. ಅರ್ಜಿಯದ್ದೊಂದು ಜೆರಾಕ್ಸ್ ಪ್ರತಿ ಕೊಟ್ಟರು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಯಾರನ್ನು ಬೈಯಲಿ? ಬಾಗಿಲಿಗೆ ಬೀಗ ಹಾಕಿ ಕೀಲಿಕೈಯನ್ನು ಬಾವಿಗೆ ಎಸೆದವಳು ನಾನೇ.

ಅಲ್ಲಿಂದ ನೇರ ಬಿ.ಸಿ. ರೋಡಿಗೆ ಹೋದೆ. ಮಗಳ ಬಾಡಿಗೆ ಮನೆ ಮೂರನೆಯ ಮಾಳಿಗೆಯಲ್ಲಿ, ಲಿಫ್ಟ್ ಇಲ್ಲ. ಆಸ್ಪತ್ರೆಯ ದಿನ ಅಳಿಯ ಎತ್ತಿಕೊಂಡು ಇಳಿಸುತ್ತಾನಂತೆ, ಉಳಿದ ದಿನ ಕೆಳಗಿಳಿಯುವ ಪ್ರಶ್ನೆಯೇ ಇಲ್ಲ. ಅವರು ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕೆಳಗೆ ಬಸ್ಸುಗಳು. "ನೋಡಿ ಟೀಚರೆ, ಆ ಹಿಂದಿನ ಗಾಜು ಒಡೆದದ್ದು, ಅದು ನಮ್ಮೂರಿಗೆ ಬರ್ತಿದ್ದ ಸರ್ಕಾರದ ಬಸ್ಸೇ. ದಿನಾ ಇಲ್ಲಿಂದ ಹೋಗ್ತದೆ" ಎಂದರು. ಬೋರ್ಡು ಧರ್ಮಸ್ಥಳದ್ದು. ಬಾಗಿಲಿನವರೆಗೂ ಹೆಂಗಸರು ತುಂಬಿದ್ದರು.

"ಆಫೀಸಿನಲ್ಲಿ ಎಂತ ಹೇಳಿದರು?" ಎಂದು ಕೇಳಿದರು.

"ನೋಡ್ತೇವೆ ಅಂದಿದ್ದಾರೆ" ಎಂದೆ. ಬಾಯಿಗೆ ಬಂದದ್ದು ಅದೊಂದೇ.

ಅವರ ಕಣ್ಣು ನನ್ನ ಕೈಯಲ್ಲಿದ್ದ ಕಾಗದದ ಮೇಲೆ ಬಿತ್ತು. "ಅದು ನಮ್ಮ ಅರ್ಜಿಯಾ? ಕೊಡಿ. ಇಲ್ಲಿ ದಿನ ಹೋಗುದಿಲ್ಲ, ಪೇಪರ್ ಓದಿ ಓದಿ ಈಗ ಎಲ್ಲ ಬರ್ತದೆ."

ಕೊಡದೆ ಇರಬಹುದಿತ್ತು. ಕೊಟ್ಟೆ. ಅವರು ಕಾಗದವನ್ನು ಬೆಳಕಿಗೆ ಹಿಡಿದು, ನಾನು ಕಲಿಸಿದ ಹಾಗೆಯೇ ಅಕ್ಷರದ ಕೆಳಗೆ ಬೆರಳಿಟ್ಟು, ಗಟ್ಟಿಯಾಗಿ ಓದತೊಡಗಿದರು. ಮಾನ್ಯರೇ ಎಂಬಲ್ಲಿಂದ ಶುರು. ಆ ವಾಕ್ಯ ಬಂತು. ಒಮ್ಮೆ ಓದಿದರು, ಬೆರಳನ್ನು ಹಿಂದಕ್ಕೆ ತಂದು ಇನ್ನೊಮ್ಮೆ ಓದಿದರು. ಬೆರಳು ನಿಧಾನ ಕೆಳಗಿಳಿದು ಮೊದಲ ಸಹಿಯ ಹತ್ತಿರ ನಿಂತಿತು.

"ಇದು ನಾನು ಹೇಳಿದ್ದಲ್ಲ ಟೀಚರೆ" ಎಂದರು. ಸಿಟ್ಟೇನೂ ಇರಲಿಲ್ಲ. "ನಾನು ಎರಡೂ ಬೇಕು ಅಂದಿದ್ದೆ."