ಖಾಲಿ ಓಣಿಯಲ್ಲಿ ಆರಿದ ಪರದೆ

ಆಫೀಸಿನಲ್ಲಿ ಎಲ್ಲರೂ ಅವಳನ್ನು ಕಿವಿಯಮ್ಮ ಎನ್ನುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಆಟವಾಡುವವರ ಕಂಪ್ಯೂಟರುಗಳಿಗೆ ಬೇಕಾದ ಬಿಡಿಭಾಗಗಳನ್ನು ಪರೀಕ್ಷೆ ಮಾಡಿ, ಯಾವುದು ಚೆನ್ನಾಗಿದೆ ಯಾವುದು ಇಲ್ಲ ಎಂದು ಬರೆಯುವ ಒಂದು ಸಣ್ಣ ಪತ್ರಿಕೆ ಅದು. ಮೊದಲು ಅಚ್ಚಾಗುತ್ತಿತ್ತು, ಈಗ ಬರೀ ವೆಬ್‌ಸೈಟು. ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡುಗಳ ಪರೀಕ್ಷೆ ಇವಳ ಪಾಲಿನದು. ಕಾರ್ಡಿನ ಫ್ಯಾನು ತಿರುಗುವ ಸದ್ದು ಕೇಳಿಯೇ ಅದು ವರ್ಷಗಟ್ಟಲೆ ಬಾಳುತ್ತದೋ ಆರು ತಿಂಗಳಿಗೆ ಕಿರುಗುಡಲು ಶುರುಮಾಡುತ್ತದೋ ಹೇಳಿಬಿಡುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಯಾರಾದರೂ ಮೆಲ್ಲಗೆ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರೂ ಸಾಕು, "ನನಗೂ ಒಂದಿರಲಿ" ಎಂದು ಗೋಡೆಯಾಚೆಯಿಂದ ಕೂಗು ಬರುತ್ತಿತ್ತು.

ಅವಳ ಕೋಣೆ ಕಟ್ಟಡದ ಹಿಂಬದಿಯಲ್ಲಿತ್ತು. ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು, ಕಿಟಕಿಗೆ ಹೊರಗಿನ ಸದ್ದು ಬರದ ಹಾಗೆ ದಪ್ಪ ಹಲಗೆ. ಸದ್ದು ಅಳೆಯುವ ಹೊತ್ತಿಗೆ ಚಾವಣಿಯ ಫ್ಯಾನು ಆರಿಸಬೇಕು, ಬಾಗಿಲು ಹಾಕಬೇಕು, ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕು. ಅಲ್ಲಿ ಎರಡು ಮೇಜುಗಳಿದ್ದವು. ಎರಡನೆಯದು ಕಡ್ಡಿಯದು.

ಕಡ್ಡಿ ಎಂದರೆ ಅವಳ ಗೆಳತಿ. ಎತ್ತರಕ್ಕೆ, ತೆಳ್ಳಗೆ, ಬೀಸುಗಾಳಿಗೆ ಬಾಗುವ ಹಾಗಿದ್ದವಳು. ಮಾತು ಮಾತ್ರ ದಪ್ಪ. ಇಬ್ಬರೂ ಒಟ್ಟಿಗೇ ಕೆಲಸಕ್ಕೆ ಸೇರಿದವರು, ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ಬೆವರಿದವರು. ಪರೀಕ್ಷೆಗೆ ಅವರು ಒಂದು ಹಳೆಯ ಆಟವನ್ನು ಬಳಸುತ್ತಿದ್ದರು. ಅದರೊಳಗೆ ಒಂದು ಊರು. ಸೇತುವೆಯ ಮೇಲಿಂದ ಹೊರಟು, ಜನ ಕಿಕ್ಕಿರಿದ ಸಂತೆ ಹಾದು, ಒಂದು ಖಾಲಿ ಓಣಿಯಲ್ಲಿ ತಿರುಗಿ ಬಂದರಿನ ಬಾಗಿಲವರೆಗೆ ನಡೆಯಬೇಕು. ಪ್ರತಿ ಕಾರ್ಡಿಗೂ ಅದೇ ದಾರಿ, ಅದೇ ನಡಿಗೆ. ಆ ದಾರಿಯಲ್ಲಿ ಕಾರ್ಡು ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸುತ್ತದೆ, ಎಷ್ಟು ಬಿಸಿಯಾಗುತ್ತದೆ, ಎಷ್ಟು ಗಲಾಟೆ ಮಾಡುತ್ತದೆ ಎಂದು ಅಳೆಯುವುದು. ಒಬ್ಬಳು ನಡೆದರೆ ಇನ್ನೊಬ್ಬಳು ಅಳೆಯುವಳು. ಸಂತೆಯಲ್ಲಿ ದೀಪ ಮಾರುವ ಹೆಂಗಸೊಬ್ಬಳು ಪ್ರತಿ ಸಲವೂ "ಬೇಗ ಮನೆ ಸೇರಿಕೋ ಮಗಳೇ" ಎನ್ನುತ್ತಿದ್ದಳು. ಕಡ್ಡಿ ಪ್ರತಿ ಸಲವೂ, "ಸಂಬಳ ನೀನು ಕೊಡ್ತೀಯೇನಮ್ಮ? ಈಗಲೇ ಹೊರಡ್ತೀನಿ" ಎಂದು ಪರದೆಗೆ ಉತ್ತರ ಕೊಡುತ್ತಿದ್ದಳು. ಸದ್ದು ಅಳೆಯುವಾಗ ನಗುವಂತಿರಲಿಲ್ಲ. ಕಿವಿಯಮ್ಮ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು.

ಕಿವಿಯಮ್ಮನ ತಾಯಿ ಹಾಸಿಗೆ ಹಿಡಿದಾಗ ಆಸ್ಪತ್ರೆಯಲ್ಲಿ ಸರದಿಯ ಮೇಲೆ ಕೂತವಳು ಕಡ್ಡಿ. ತಾಯಿ ಹೋದ ಮೇಲೆ ಬೀರುವಿನಲ್ಲಿದ್ದ ಅವರ ಬಟ್ಟೆಗಳನ್ನು ಯಾರ್‍ಯಾರಿಗೋ ಕೊಟ್ಟು ಬಂದವಳೂ ಅವಳೇ. "ನಿನ್ನ ಕೈಲಿ ಆಗಲ್ಲ, ನೀನು ಒಳಗೆ ಹೋಗು" ಎಂದು ಗದರಿ ಕಳಿಸಿದ್ದಳು.

ಅದಾದ ಮುಂದಿನ ವರ್ಷ ಕಡ್ಡಿಗೆ ಕಾರ್ಡು ತಯಾರಿಸುವ ಒಂದು ಕಂಪನಿಯಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಹೊರಡುವ ದಿನ, "ಇದೇ ಊರು, ಎರಡು ಬಸ್ಸು ಬದಲಾಯಿಸಿದ್ರೆ ನಮ್ಮ ಆಫೀಸು. ಅಳುಬುರುಕಿ ಥರ ಮುಖ ಮಾಡ್ಕೋಬೇಡ" ಎಂದಳು. ಮೊದಮೊದಲು ವಾರಕ್ಕೊಮ್ಮೆ ಸಿಗುತ್ತಿದ್ದರು. ಆಮೇಲೆ ಅವಳಿಗೆ ಮೀಟಿಂಗು, ಇವಳಿಗೆ ಪರೀಕ್ಷೆ. ಆಮೇಲೆ ಫೋನು. ಆಮೇಲೆ ಫೋನೂ ತೆಳ್ಳಗಾಯಿತು. ಕಿವಿಯಮ್ಮ ಈಗ ಒಬ್ಬಳೇ ನಡೆದು ಒಬ್ಬಳೇ ಅಳೆಯುತ್ತಿದ್ದಳು. ಮಧ್ಯಾಹ್ನ ಬಾಗಿಲು ತೆರೆದು ಹೊರಗೆ ಬಂದರೆ ಗಂಟಲು ಒಣಗಿ, ಮೊದಲ ಮಾತು ಹೊರಡುವ ಮುಂಚೆ ಕೆಮ್ಮು ಬರುತ್ತಿತ್ತು. ಬೆಳಿಗ್ಗೆಯಿಂದ ಯಾರ ಹತ್ತಿರವೂ ಮಾತಾಡಿಲ್ಲ ಎಂದು ಅವಳಿಗೆ ಗೊತ್ತಾಗುತ್ತಿದ್ದುದು ಆ ಕೆಮ್ಮಿನಿಂದಲೇ.

ಹೀಗಿರುವಾಗ ಕಡ್ಡಿಯ ಕಂಪನಿಯಿಂದ ಹೊಸ ಕಾರ್ಡು ಬಂತು. ಕಾರ್ಡಿನ ಹೃದಯದಂಥ ಚಿಪ್ಪನ್ನು ಮಾಡುವವರು ಬೇರೆ, ಅದಕ್ಕೆ ಫ್ಯಾನು, ಬಿಸಿ ಹೀರುವ ಲೋಹದ ರೆಕ್ಕೆ ಎಲ್ಲ ಕೂಡಿಸಿ ಮಾರುವವರು ಬೇರೆ. ಚಿಪ್ಪು ಮಾಡಿದವರು ಇಷ್ಟು ವೇಗ ಸಾಕು ಎಂದಿರುತ್ತಾರೆ. ಮಾರುವವರು ಅದನ್ನು ಕಾರ್ಖಾನೆಯಲ್ಲೇ ಒಂದಿಷ್ಟು ಏರಿಸಿ, ನಮ್ಮದು ಮಿಕ್ಕವರದ್ದಕ್ಕಿಂತ ಮುಂದೆ ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಹಾಕುತ್ತಾರೆ. ಈ ಕಾರ್ಡಿನ ವೇಗವನ್ನು ಎಲ್ಲರಿಗಿಂತ ಹೆಚ್ಚು ಏರಿಸಿದ್ದರು. ಅದರ ಪೂರ್ತಿ ಹೊಣೆ ಕಡ್ಡಿಯದು, ಅವಳ ಮೊದಲ ಕಾರ್ಡು.

ಡಬ್ಬಿ ಬಂದ ಬೆಳಿಗ್ಗೆಯೇ ಫೋನು ಬಂತು. "ನಮಸ್ಕಾರ ಮೇಡಂ, ಕಾರ್ಡು ತಲುಪಿತಾ? ಏನಾದ್ರೂ ಬೇಕಿದ್ರೆ ತಿಳಿಸಿ."

ಕಿವಿಯಮ್ಮನಿಗೆ ಒಂದು ಕ್ಷಣ ಯಾರೆಂದೇ ತಿಳಿಯಲಿಲ್ಲ. "ಏನೇ ಕಡ್ಡಿ ಇದು, ಮೇಡಂ ಅಂತೀಯ?"

"ಹೌದು ಮೇಡಂ, ಎಲ್ಲರೂ ಇಲ್ಲೇ ಇದ್ದೀವಿ. ನಿಮ್ಮ ಪರೀಕ್ಷೆಗೆ ಕಾಯ್ತಿರ್ತೀವಿ."

ಅಕ್ಕಪಕ್ಕ ಜನ ಇದ್ದಾರೆ, ಅದಕ್ಕೇ ಹೀಗೆ ಎಂದು ಇವಳು ಸಮಾಧಾನ ಮಾಡಿಕೊಂಡಳು. ಆದರೂ ಆ 'ಮೇಡಂ' ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ದಿನವಿಡೀ ಕಾಡಿತು.

ಕಾರ್ಡು ನೋಡಲು ಚೆಂದವಿತ್ತು. ಮೂರು ಫ್ಯಾನು, ಅಂಗೈಯಷ್ಟು ದಪ್ಪದ ಲೋಹ, ಸದ್ದು ಬೆಕ್ಕಿನ ಉಸಿರಿನಷ್ಟು. ತೆರೆದ ಸ್ಟ್ಯಾಂಡಿನ ಮೇಲೆ ಕೂರಿಸಿ ನಡೆಸಿದಾಗ ಸೇತುವೆ, ಸಂತೆ, ಬಂದರು ಎಲ್ಲ ಎಣ್ಣೆಯ ಮೇಲೆ ಜಾರಿದ ಹಾಗೆ ಜಾರಿದವು. ಕಿವಿಯಮ್ಮನ ಎದೆ ಉಬ್ಬಿತು. "ಪರವಾಗಿಲ್ಲ ಕಣೇ ಕಡ್ಡಿ" ಎಂದು ಖಾಲಿ ಕುರ್ಚಿಗೆ ಹೇಳಿ, ಹೇಳಿದ್ದಕ್ಕೆ ತಾನೇ ನಾಚಿಕೊಂಡಳು.

ಮಾರನೆಯ ದಿನ ಕಾರ್ಡನ್ನು ಕಂಪ್ಯೂಟರಿನ ಕ್ಯಾಬಿನೆಟ್ಟಿನೊಳಗೆ ಕೂರಿಸಿ, ಬದಿಯ ಬಾಗಿಲನ್ನೂ ಹಾಕಿದಳು. ಜನ ಮನೆಗಳಲ್ಲಿ ಇಟ್ಟುಕೊಳ್ಳುವುದು ಹಾಗೆ, ಒಳಗಿನ ಬಿಸಿ ಒಳಗೇ. ಒಂದಷ್ಟು ಹೊತ್ತು ನಡೆದು ಕಾರ್ಡು ಚೆನ್ನಾಗಿ ಕಾದ ಮೇಲೆ, ಸಂತೆಯಿಂದ ಓಣಿಗೆ ತಿರುಗಿದ್ದೇ ತಡ, ಪರದೆ ಕಪ್ಪಾಯಿತು. ಕಂಪ್ಯೂಟರು ತಾನಾಗಿ ಆರಿ ಮತ್ತೆ ಚಾಲೂ ಆಯಿತು. ಅವಳು ಮತ್ತೆ ನಡೆದಳು. ಸಂತೆಯಲ್ಲಿ ನೂರು ಜನ, ನೂರು ದೀಪ, ಅಷ್ಟು ಹೊರೆಯನ್ನು ಕಾರ್ಡು ಹೊತ್ತುಕೊಂಡೇ ಬಂತು. ಓಣಿಯಲ್ಲಿ ಯಾರೂ ಇಲ್ಲ, ಮತ್ತೆ ಅಲ್ಲೇ ಕೈಕೊಟ್ಟಿತು. ಹೊರೆ ಇಳಿದ ಕೂಡಲೇ ಕಾರ್ಡು ಹುರುಪಿನಿಂದ ತನ್ನ ತುತ್ತತುದಿಯ ವೇಗಕ್ಕೆ ಜಿಗಿಯುತ್ತಿತ್ತು. ಕಾದ ಮೈಗೆ ಆ ಜಿಗಿತ ತಡೆಯುತ್ತಿರಲಿಲ್ಲ.

ತಪ್ಪು ತನ್ನದೇ ಇರಲಿ ಎಂದು ಅವಳು ಮನಸಾರೆ ಬಯಸಿದಳು. ಕರೆಂಟು ಕೊಡುವ ಪೆಟ್ಟಿಗೆ ಬದಲಾಯಿಸಿದಳು. ತಂತಿ ಬದಲಾಯಿಸಿದಳು. ತಂತ್ರಾಂಶವನ್ನೆಲ್ಲ ಅಳಿಸಿ ಹೊಸದಾಗಿ ಹಾಕಿದಳು. ಬೇರೆ ಕಂಪ್ಯೂಟರಿನಲ್ಲಿ ಕೂರಿಸಿದಳು. ಎಲ್ಲ ಕಡೆಯೂ ಅದೇ ಓಣಿ, ಅದೇ ಕತ್ತಲು. ಕೊನೆಗೆ ಏರಿಸಿದ್ದ ವೇಗವನ್ನು ಇಳಿಸಿ, ಚಿಪ್ಪು ಮಾಡಿದವರು ಹೇಳಿದ್ದ ಅಳತೆಗೆ ತಂದಳು. ಕಾರ್ಡು ದಿನವಿಡೀ ನಡೆಯಿತು, ಒಮ್ಮೆಯೂ ಮುಗ್ಗರಿಸಲಿಲ್ಲ. ಅವಳು ಹಣೆಗೆ ಕೈ ಹಚ್ಚಿ ಕೂತಳು.

ಸಂಪಾದಕರು ಬಾಗಿಲಲ್ಲೇ ನಿಂತು ಕೇಳಿದರು. "ತೆರೆದ ಸ್ಟ್ಯಾಂಡಲ್ಲಿ ಚೆನ್ನಾಗಿದೆ ಅಂದ್ರಲ್ಲ ನೀವು? ಬೇರೆ ಪತ್ರಿಕೆಯವರು ಅಷ್ಟೇ ಮಾಡಿ ಹಾಕ್ತಾರೆ."

"ಓದೋರ ಮನೇಲಿ ಸ್ಟ್ಯಾಂಡ್ ಇರಲ್ಲವಲ್ಲ ಸರ್."

"ಒಂದೇ ಕಾರ್ಡು ಕೆಟ್ಟಿರಬಹುದು. ಇನ್ನೊಂದು ತರಿಸಿ. ಅದೂ ಹೀಗೇ ಆದ್ರೆ ನಿಮಗೆ ಕಂಡಂಗೆ ಬರೀರಿ, ನಾನು ಅಡ್ಡ ಬರಲ್ಲ."

ಎರಡನೆಯದು ಬಂತು. ಅದೂ ಓಣಿಯಲ್ಲೇ ಆರಿತು.

ಬರೆಯುವ ಮುಂಚೆ ಅವಳು ಗೆಳತಿಗೆ ಫೋನು ಮಾಡಿದಳು. ಕಡ್ಡಿ "ನನ್ನ ಮೊದಲ ಕಾರ್ಡು ಕಣೇ, ಎರಡು ವಾರ ತಡಿ" ಎಂದು ಗೋಗರೆದಿದ್ದರೆ ತಾನು ಏನು ಮಾಡುತ್ತಿದ್ದಳೋ ಕಿವಿಯಮ್ಮನಿಗೇ ಗೊತ್ತಿರಲಿಲ್ಲ. ಕಂಡದ್ದಷ್ಟನ್ನೂ ಹೇಳಿದಳು. ಕಡ್ಡಿ ಒರೆಸಿದ ನೆಲದಷ್ಟು ಚೊಕ್ಕಟವಾದ ದನಿಯಲ್ಲಿ, "ನೀವು ಕಂಡಿದ್ದನ್ನ ಬರೀರಿ ಮೇಡಂ" ಎಂದು ಫೋನು ಇಟ್ಟಳು.

ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಕಿವಿಯಮ್ಮ ಬರೆದಳು. ಸದ್ದಿನ ಬಗ್ಗೆ ಹೊಗಳಬೇಕಾದಷ್ಟು ಹೊಗಳಿದಳು, ಲೋಹದ ಕೆಲಸವನ್ನು ಮೆಚ್ಚಿದಳು. ಕೊನೆಗೆ, ಏರಿಸಿರುವ ವೇಗ ಈ ಕಾರ್ಡು ಹೊರಲಾರದ್ದು, ಸರಿಪಡಿಸುವವರೆಗೆ ಕೊಳ್ಳಬೇಡಿ ಎಂದಳು. ವರದಿ ಬಂದ ದಿನ ಓದುಗರು ಅವಳನ್ನು ಹಿಗ್ಗಾಮುಗ್ಗಾ ಬೈದರು. ಬೇರೆ ಕಂಪನಿಯ ಕೈಗೊಂಬೆ ಎಂದರು. ಮುದುಕಿಗೆ ಆಟ ಏನು ಗೊತ್ತು ಎಂದರು. ಆಮೇಲೆ ಒಬ್ಬೊಬ್ಬರಾಗಿ ನನ್ನದೂ ಹೀಗೇ ಆರುತ್ತೆ, ನನ್ನದೂ ಹೀಗೇ ಎಂದು ಬರೆಯತೊಡಗಿದರು. ತಿಂಗಳೊಳಗೆ ಕಂಪನಿ ವೇಗ ಇಳಿಸುವ ಹೊಸ ತಂತ್ರಾಂಶ ಬಿಟ್ಟಿತು, ಡಬ್ಬಿಯ ಮೇಲಿನ ದಪ್ಪಕ್ಷರವನ್ನೂ ಬದಲಾಯಿಸಿತು. ಆಫೀಸಿನಲ್ಲಿ ಎಲ್ಲರೂ ಬೆನ್ನು ತಟ್ಟಿದರು. ಕ್ಯಾಂಟೀನಿನಲ್ಲಿ ಯಾರೋ, "ಕಡ್ಡಿ ಗತಿ ಏನಾಯ್ತೋ ಪಾಪ" ಎಂದರು. ಕಿವಿಯಮ್ಮ ಅರ್ಧ ಊಟಕ್ಕೇ ಡಬ್ಬಿ ಮುಚ್ಚಿ ಎದ್ದಳು.

ಆ ದಿನಗಳಲ್ಲಿ ಅವಳು ಮನೆಗೆ ಬಂದರೆ ದೀಪ ಹಾಕುವುದನ್ನೂ ಮರೆತು ಕೂತಿರುತ್ತಿದ್ದಳು. ಕೆಳಗಿನ ಮನೆಯ ಗೇಟು ಕಿರುಗುಡುವುದು, ಮೇಲಿನವರು ಕುರ್ಚಿ ಎಳೆಯುವುದು, ಎಲ್ಲ ಅವಳ ಕಿವಿಗೆ ಬೀಳುತ್ತಿದ್ದವು. ಎಲ್ಲರ ಮನೆಯ ಸದ್ದೂ ಗೊತ್ತಿತ್ತು, ಯಾರ ಮನೆಯೊಳಗೂ ಅವಳು ಹೋದವಳಲ್ಲ. ಫೋನು ಎತ್ತಿ ಕಡ್ಡಿಯ ಹೆಸರು ತೆಗೆಯುವಳು, ಇಡುವಳು.

ಒಂದು ಶನಿವಾರ ಮಧ್ಯಾಹ್ನ ಮನೆಯ ಹತ್ತಿರ ಬಸ್ಸಿಳಿದಾಗ ತಂಗುದಾಣದ ಬೆಂಚಿನ ಮೇಲೆ ಕಡ್ಡಿ ಕೂತಿದ್ದಳು. ಇನ್ನೂ ತೆಳ್ಳಗಾಗಿದ್ದಳು.

"ಮನೆಗೆ ಬರಲ್ಲ. ಇಲ್ಲೇ ಕೂತ್ಕೋ" ಎಂದಳು. ಕೂತ ಮೇಲೆ ರಸ್ತೆ ನೋಡುತ್ತಲೇ ಹೇಳಿದಳು. "ನನಗೆ ಮೊದಲೇ ಗೊತ್ತಿತ್ತು ಕಣೇ."

"ಏನು ಗೊತ್ತಿತ್ತು?"

"ಕ್ಯಾಬಿನೆಟ್ಟು ಮುಚ್ಚಿದ್ರೆ ಕೈಕೊಡುತ್ತೆ ಅಂತ. ನಾವೂ ನೋಡಿದ್ವಿ. ವೇಗ ಇಳಿಸೋಣ ಅಂತ ಬಾಯಿ ಬಡ್ಕೊಂಡೆ. ಮೇಲಿನೋರು ಯಾರೂ ಕಿವಿಗೇ ಹಾಕ್ಕೊಳ್ಳಲಿಲ್ಲ. ಬೇರೆಯೋರು ಕಂಡುಹಿಡಿಯಲ್ಲ ಬಿಡಿ ಅಂದ್ರು. ನೀನು ಕಂಡುಹಿಡೀತೀಯ ಅಂತ ಗೊತ್ತಿದ್ದೇ, ಮೊದಲ ಕಾರ್ಡು ನಿನಗೇ ಹೋಗಲಿ ಅಂತ ಹಟ ಹಿಡಿದು ಕಳಿಸಿದ್ದು ನಾನೇ."

ಬಸ್ಸೊಂದು ಬಂದು ನಿಂತು, ಯಾರೂ ಹತ್ತದೆ ಹೊರಟಿತು.

"ನನಗೆ ಒಂದು ಮಾತು ಹೇಳಬಹುದಿತ್ತಲ್ಲೇ?"

"ಹೇಳಿದ್ರೆ ನೀನು ಬರೀತಿದ್ದೆಯಾ? ಕಡ್ಡಿ ಕೆಲಸ ಹೋಗುತ್ತೆ ಅಂತ ನನ್ನನ್ನ ಉಳಿಸೋಕೆ ಹೋಗ್ತಿದ್ದೆ. ಇಲ್ಲಾ ಬರೆದು, ನಾಳೆ ಯಾರಾದ್ರೂ ಕೇಳಿದ್ರೆ ಸುಳ್ಳು ಹೇಳೋಕೆ ಬರದೆ ಒದ್ದಾಡ್ತಿದ್ದೆ. ನಿನ್ನ ಮುಖ ನನಗೆ ಗೊತ್ತಿಲ್ವಾ?"

"ಅಂದ್ರೆ ನಾನೂ ನಿಮ್ಮ ಒಂದು ಮೀಟರ್ ಆದೆ. ಸದ್ದು ಅಳೆಯೋ ಮೀಟರ್ ಥರ."

ಕಡ್ಡಿಯ ದಪ್ಪ ಮಾತು ಮೊದಲ ಬಾರಿ ತೊದಲಿತು. "ಬೇರೆ ಯಾರ ಮೇಲೂ ನಂಬಿಕೆ ಇರಲಿಲ್ಲ ಕಣೇ."

ಅದು ಹೊಗಳಿಕೆಯೋ ಕ್ಷಮೆಯೋ ಇವಳಿಗೆ ತಿಳಿಯಲಿಲ್ಲ. ಕೋಪ ಬರಬೇಕಿತ್ತು, ಬಂತು ಕೂಡ. ಆದರೆ ಗೆಳತಿಯ ಮಣಿಕಟ್ಟಿನಲ್ಲಿ ವಾಚು ಸಡಿಲವಾಗಿ ಜಾರುತ್ತಿದ್ದುದನ್ನು ಕಂಡು ಕೋಪ ಅಲ್ಲೇ ನಿಂತಿತು. "ಕೆಲಸ ಇದೆಯಾ?" ಎಂದಷ್ಟೇ ಕೇಳಿದಳು.

"ಇದೆ. ಈಗ ನನ್ನ ಮಾತು ಕೇಳ್ತಾರೆ. ಆದ್ರೆ ನಮ್ಮಿಬ್ಬರ ಸ್ನೇಹ ಅವರಿಗೆ ಗೊತ್ತು. ಅನುಮಾನ ಇದೆ. ಸ್ವಲ್ಪ ದಿನ ಫೋನು ಮಾಡ್ಬೇಡ. ನಾನೂ ಮಾಡಲ್ಲ."

ಮುಂದಿನ ಬಸ್ಸಿಗೆ ಕಡ್ಡಿ ಹತ್ತಿದಳು. ಕಿಟಕಿಯ ಪಕ್ಕ ಸೀಟು ಸಿಗಲಿಲ್ಲವೇನೋ, ಕಾಣಿಸಲಿಲ್ಲ.

ಸ್ವಲ್ಪ ದಿನ ಎಂದರೆ ಎಷ್ಟು ದಿನ ಎಂದು ಕೇಳಬೇಕಿತ್ತು. ಆ ಹೊತ್ತಿಗೆ ಹೊಳೆಯಲಿಲ್ಲ. ತಿಂಗಳುಗಳಾದವು. ಯಾರು ಮೊದಲು ಮಾಡಬೇಕು ಎಂಬುದೂ ಮಾತಾಗಿರಲಿಲ್ಲ, ಹಾಗಾಗಿ ಯಾರೂ ಮಾಡಲಿಲ್ಲ. ಹೊಸ ಕಾರ್ಡುಗಳ ಬಿಡುಗಡೆಯ ಸಭೆಯೊಂದರಲ್ಲಿ ಒಮ್ಮೆ ಕಡ್ಡಿ ದೂರದಿಂದ ಕಂಡಳು. ಇಬ್ಬರೂ ತಲೆಯಾಡಿಸಿದರು. ಅವಳ ಸುತ್ತ ಜನವಿದ್ದರು.

ಕಿವಿಯಮ್ಮನಿಗೆ ಒಬ್ಬ ತಮ್ಮನಿದ್ದ. ಬೇರೆ ಊರಿನಲ್ಲಿ ಲಾರಿ ಓಡಿಸುವವನು, ಮಾತು ಕಮ್ಮಿ. ಒಂದು ಭಾನುವಾರ ಅವನ ಫೋನು ಬಂತು.

"ಊಟ ಆಯ್ತಾ ಅಕ್ಕ?"

ಯಾವಾಗಲೂ ಆಯ್ತು ಎನ್ನುವವಳು ಅಂದು, "ಇಲ್ಲ ಕಣೋ. ಒಬ್ಬಳೇ ತಟ್ಟೆ ಹಾಕ್ಕೊಂಡು ಕೂರೋಕೆ ಬೇಜಾರು" ಎಂದುಬಿಟ್ಟಳು.

ಆ ಕಡೆಯಿಂದ ಲಾರಿಯ ಬಾಗಿಲು ತೆರೆದ ಸದ್ದು, ಡಬ್ಬಿಯ ಮುಚ್ಚಳ ತಿರುಗಿಸಿದ ಸದ್ದು. "ಸರಿ, ಫೋನು ಇಡ್ಬೇಡ. ನಾನೂ ತಿಂದಿಲ್ಲ. ನೀನು ಬಡಿಸ್ಕೋ" ಎಂದ.

ಅವಳು ಫೋನನ್ನು ನೀರಿನ ಲೋಟಕ್ಕೆ ಒರಗಿಸಿಟ್ಟು ಅನ್ನ ಬಡಿಸಿಕೊಂಡಳು. ಇಬ್ಬರೂ ಮಾತಾಡದೆ ಉಂಡರು. ಅವನು ಬಾಯಿ ಚಪ್ಪರಿಸುತ್ತಾನೆ, ಚಿಕ್ಕಂದಿನಲ್ಲಿ ಅದಕ್ಕೇ ಎಷ್ಟೋ ಸಲ ತಲೆಗೆ ಮೊಟಕಿದ್ದಳು. ಇಂದು ಆ ಸದ್ದು ಕಿವಿಗೆ ಹಿತವಾಗಿತ್ತು. ಉಂಡು ಮುಗಿಸಿ, ಇನ್ನು ಲೋಡಿಗೆ ಹೋಗಬೇಕು ಎಂದು ಅವನು ಫೋನು ಇಟ್ಟ. ಅವಳು ತಟ್ಟೆ ತೊಳೆದು, ಬಾಲ್ಕನಿಯಲ್ಲಿ ಒಣಗಿದ್ದ ಬಟ್ಟೆ ತರಲು ಹೋದಳು.