ಕೈ ತೋರಿಸಿ ಹೋಗ್ರಿ

ಅವರ ಹೆಬ್ಬೆರಳಿನ ಉಗುರು ಯಾವಾಗಲೂ ಅರ್ಧ ಕಚ್ಚಿರುತ್ತಿತ್ತು. ಕರಿ ಕೋಟು, ಬಿಗಿಯಾಗಿ ಸುತ್ತಿದ ರುಮಾಲು, ಹಣೆ ತುಂಬ ವಿಭೂತಿ, ಎಲ್ಲವೂ ದೊಡ್ಡ ಮನುಷ್ಯರಂತೆಯೇ. ಉಗುರು ಮಾತ್ರ ಪರೀಕ್ಷೆಗೆ ಕೂತ ಹುಡುಗನದು. ಸಂಜೆ ಹತ್ತಿ ಗಿರಣಿ ನಿಂತ ಮೇಲೆ ನಮ್ಮ ಮ್ಯಾನೇಜರರು ಬಾಗಿಲಲ್ಲಿ ನಿಂತು, ಮನೆಗೆ ಹೊರಟ ಹೆಂಗಸರ ಕೈ ನೋಡುತ್ತಿದ್ದರು. ಮುಖ ನೋಡುತ್ತಿರಲಿಲ್ಲ. "ಕೈ ತೋರಿಸಿ ಹೋಗ್ರಿ ಯವ್ವಾ, ಕೈ ತೋರಿಸಿ ಹೋಗ್ರಿ."

ಹತ್ತಿ ಕದ್ದೇವೆಂದು ನೋಡುತ್ತಾರೆ ಅಂತ ಹೊಸಬರು ಸಿಟ್ಟಾಗುತ್ತಿದ್ದರು. ಎಲ್ಲರ ಬೆರಳೂ ನೆಟ್ಟಗಿವೆಯೆಂದು ಕಣ್ಣಾರೆ ಕಾಣದೆ ಆ ಮನುಷ್ಯನಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ ಎಂಬುದು ಹಳಬರಿಗೆ ಗೊತ್ತಿತ್ತು. ನಮ್ಮವ್ವ ಒಮ್ಮೆ ಚಾಷ್ಟಿ ಮಾಡಿದಳು: "ಕೈ ನೋಡಿದ ಮ್ಯಾಲೆ ಭವಿಷ್ಯಾನೂ ಹೇಳ್ರಲಾ ಸಾಹೇಬ್ರ."

"ಕೈ ಐತೆಲ್ಲವಾ, ಅದ ನಿನ್ನ ಭವಿಷ್ಯ" ಎಂದರು. ನಗಲಿಲ್ಲ.

ಉಪ್ಪಿನ ಸತ್ಯಾಗ್ರಹ ಮುಗಿದು ಒಂದೆರಡು ವರ್ಷವಾಗಿತ್ತು. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನನ್ನು ಕರೆದುಕೊಂಡು ಸುಳ್ಳ ಎಂಬ ಹಳ್ಳಿಯಿಂದ ಹುಬ್ಬಳ್ಳಿಗೆ ಬಂದಿದ್ದಳು. ನಾನು ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಲಗ್ನದ ಮಾತು ನಡೆದಿತ್ತು, ಅಲ್ಲಿಯವರೆಗೆ ಅವ್ವನ ಜೊತೆ ಗಿರಣಿಗೆ ಹೋಗುತ್ತಿದ್ದೆ. ಸಾಲಾಗಿ ಕೂತ ಯಂತ್ರಗಳಿಗೆ ನಾವು ಹತ್ತಿ ಉಣಿಸಬೇಕು, ಅವು ಬೀಜ ಬಿಡಿಸಿ ಅರಳೆ ಕೊಡುತ್ತಿದ್ದವು. ಯಂತ್ರ ತಿರುಗಿಸುವ ಗಾಲಿ ಮತ್ತು ಚರ್ಮದ ಪಟ್ಟಾ ನಮ್ಮ ಮಗ್ಗುಲಲ್ಲೇ ಓಡುತ್ತಿದ್ದವು. ಅವುಗಳ ಮುಂದೆ ತಂತಿಯ ಜಾಳಿಗೆ ಇರಬೇಕೆಂದು ಸರಕಾರದ ಕಾಯಿದೆ. ಆ ಕಾಯಿದೆಯನ್ನು ಮ್ಯಾನೇಜರರು ಊಟದ ಹೊತ್ತಿಗೆ ನಮಗೆ ಒಪ್ಪಿಸುತ್ತಿದ್ದರು. ಕೆಲಸದಲ್ಲಿ ಕೈಕಾಲು ಹೋದರೆ ಮಾಲೀಕರು ಪರಿಹಾರ ಕೊಡಬೇಕು. ಆದರೆ ಕೆಲಸದವರೇ ಬೇಕಂತಲೇ ಜಾಳಿಗೆ ತೆಗೆದು ಗಾಯ ಮಾಡಿಕೊಂಡರೆ ಏನೂ ಸಿಗದು. "ಅದಕ್ಕ ಜಾಳಿಗಿ ಮುಟ್ಟಬ್ಯಾಡ್ರಿ. ಕೈನೂ ಹೊಕ್ಕೈತಿ, ಕಾಯಿದೇನೂ ಹೊಕ್ಕೈತಿ." ನಾವು ಕೇಳುತ್ತ ಕೇಳುತ್ತ ತೂಕಡಿಸುತ್ತಿದ್ದೆವು.

ಸಂಕ್ರಾಂತಿ ಮುಗಿದು ಹತ್ತಿಯ ಹಂಗಾಮಿಗೆ ಗಿರಣಿ ಶುರುವಾಗುವ ದಿನ ಯಂತ್ರಗಳಿಗೆ ಪೂಜೆ. ಗಾಲಿಗೆ ವಿಭೂತಿ ಬಳಿದು ಚೆಂಡುಹೂವಿನ ಮಾಲೆ ಹಾಕಲು ಅಂದು ಜಾಳಿಗೆ ಬಿಚ್ಚುತ್ತಿದ್ದರು. ಮಾಲೆಯನ್ನು ಕೈಯಿಂದ ತೆಗೆಯುವಂತಿಲ್ಲ. ಯಂತ್ರ ತಿರುಗಿದಾಗ ಗಾಲಿಯೇ ಅದನ್ನು ಕೆಡವಬೇಕು. ಬಿದ್ದ ಹೂವು ವರ್ಷದ ಪ್ರಸಾದ. ಹಾಗಾಗಿ ಮಾಲೆ ಬೀಳುವವರೆಗೆ ಜಾಳಿಗೆ ಗೋಡೆಗೆ ಒರಗಿ ನಿಂತಿರುತ್ತಿತ್ತು. ಮ್ಯಾನೇಜರರು ಪ್ರತಿ ವರ್ಷ ಗಿರಣಿಯ ಮಾಲೀಕರಾದ ಸಾವುಕಾರರ ಹಿಂದೆ ಮುಂದೆ ಸುಳಿಯುವರು. ಆ ವರ್ಷವೂ ಅಂದರು: "ಪೂಜಿ ಆತಲ್ರಿ, ಜಾಳಿಗಿ ಹಾಕಸ್ಲೇನ್ರಿ?"

"ದೇವ್ರ ಮುಂದ ಬೇಲಿ ಹಾಕ್ತೀರೇನ್ರೀ? ಹೂವ ಬೀಳ್ಲಿ ತಡೀರಿ" ಎಂದರು ಸಾವುಕಾರರು.

ಯಂತ್ರ ತಿರುಗಿತು. ಮಾಲೆ ಹರಿಯಿತು, ಒಂದು ಹೂವು ಪಟ್ಟಾದ ಹತ್ತಿರ ಬಿತ್ತು. ಲಗ್ನದ ವರ್ಷ, ಪ್ರಸಾದ ಯಾರದೋ ಕಾಲಿಗೆ ಸಿಗಬಾರದೆಂದು ನಾನು ಲಗೂನೆ ಕೈ ಚಾಚಿದೆ. ಪಟ್ಟಾ ಬಳೆಯನ್ನು ಹಿಡಿಯಿತು. ಆಮೇಲಿನದು ನನಗೆ ಪೂರ್ತಿ ನೆನಪಿಲ್ಲ, ನೆನಪಿದ್ದಷ್ಟನ್ನೂ ಬರೆಯಲಾರೆ. ಬಲಗೈ ಮಣಿಕಟ್ಟಿನವರೆಗೆ ಹೋಯಿತು. ಲಗ್ನದ ಮಾತು ಅದರ ಹಿಂದೆಯೇ ಹೋಯಿತು.

ವಿಚಾರಣೆಗೆ ಫ್ಯಾಕ್ಟರಿ ಇನ್ಸ್‌ಪೆಕ್ಟರರು ಬರುತ್ತಾರೆಂದು ಸುದ್ದಿ ಬಂತು. ಅದಕ್ಕೂ ಮೊದಲೇ ಸಾವುಕಾರರು ಮ್ಯಾನೇಜರರಿಗೆ ಒಂದು ಮಾತು ಕಲಿಸಿಕೊಟ್ಟಿದ್ದಾರೆಂದು ಗಿರಣಿಗೆಲ್ಲ ಗೊತ್ತಾಯಿತು: "ಹೂವಿನ ಆಸೇಕ್ಕ ಜಾಳಿಗಿ ಆಕೀನ ತಗದ್ಲು." ಕೆಲಸದ ಹೆಂಗಸರಲ್ಲಿ ಯಾರೂ ಬಾಯಿ ಬಿಡಲಾರರು, ಅವರಿಗೂ ಹೊಟ್ಟೆಯಿದೆ. ಉಳಿದವರು ಮ್ಯಾನೇಜರರು ಒಬ್ಬರೇ. ನಿಜ ಹೇಳಿದರೆ ಅವರಿಗೂ ದಂಡ, ನೌಕರಿಯೂ ಹೋದಂತೆ. ಅವ್ವ ಕೇಶ್ವಾಪುರದ ಅವರ ಮನೆಗೆ ಹೋಗಿ ಕಟ್ಟೆಯ ಮೇಲೆ ಕೂತಳು. ಅವರು ಹೊರಗೆ ಬಂದರಂತೆ. "ನನಗೂ ಹೆಣ್ಣುಮಕ್ಕಳದಾರವಾ" ಎಂದಷ್ಟೇ ಹೇಳಿ ಒಳಗೆ ಹೋದರಂತೆ. ಅದು ಹೂಂ ಎಂದೋ ಉಹೂಂ ಎಂದೋ ನಮಗೆ ತಿಳಿಯಲಿಲ್ಲ. ಅವ್ವ ಆ ಮಾತನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ಹೇಳಿ ಹೇಳಿ ನನ್ನ ತಲೆ ಕೆಡಿಸಿದಳು. ಅವರ ಮೇಲೆ ನನಗೆ ಸಿಟ್ಟಿತ್ತು. ಇಷ್ಟು ಅಂಜುವವರು ನನ್ನ ಪರವಾಗಿ ಏನು ನುಡಿದಾರು ಅನ್ನಿಸಿತ್ತು.

ವಿಚಾರಣೆ ಗಿರಣಿಯ ಆಫೀಸಿನಲ್ಲೇ ನಡೆಯಿತು. ನಾನು, ಅವ್ವ ಗೋಡೆಗೆ ಒರಗಿ ಕೂತಿದ್ದೆವು. ಸಾವುಕಾರರು ಇನ್ಸ್‌ಪೆಕ್ಟರರ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡಿದ್ದರು. "ಜಾಳಿಗಿ ಯಾರು ತೆಗೆದರು?" ಎಂದು ಇನ್ಸ್‌ಪೆಕ್ಟರರು ಕೇಳಿದರು.

"ಜಾಳಿಗಿ ತಗ..." ಎಂದು ಮ್ಯಾನೇಜರರು ನಿಂತುಬಿಟ್ಟರು. ನೀರು ತರಿಸಿ ಕುಡಿದರು, ಅರ್ಧ ಕೋಟಿನ ಮೇಲೆ ಚೆಲ್ಲಿತು. ಅವ್ವ ನನ್ನ ಎಡಗೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಅದೂ ಹೋದೀತೆಂದು ನಾನು ಹೆದರಿದೆ. ಆ ಮಾತಿನ ಬಾಲದಲ್ಲಿ 'ದ್ಲು' ಬಂದರೆ ನಮ್ಮಿಬ್ಬರ ಬದುಕು ಅಲ್ಲಿಗೆ ಮುಗಿದಂತೆ.

"ತಗಸಿದೆ ರೀ" ಎಂದರು. "ಆಕಿ ತಗದಿಲ್ಲ, ನಾನು ತಗಸಿದೆ. ನನಗ ತಗಸು ಅಂದವ್ರು ಸಾವುಕಾರ್ರು. ಹೊಳ್ಳಿ ಹಾಕಸ್ತೇನಂದ್ರ ಬ್ಯಾಡಂದ್ರು."

ಸಾವುಕಾರರು ಎದ್ದು ಹೊರಗೆ ಹೋದರು. ಮ್ಯಾನೇಜರರು ಉಗುರು ಕಚ್ಚುತ್ತ ಅಲ್ಲೇ ನಿಂತಿದ್ದರು.

ನಮಗೆ ಪರಿಹಾರ ಬಂತು. ಅವರಿಗೂ ಸಾವುಕಾರರಿಗೂ ದಂಡವಾಯಿತು, ಅವರ ನೌಕರಿ ಹಂಗಾಮು ಮುಗಿಯುವವರೆಗೂ ಉಳಿಯಲಿಲ್ಲ. ಕಾಳಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆದು ಹೆಣ್ಣುಮಕ್ಕಳ ಲಗ್ನ ಮಾಡಿದರು. ಆ ಸಂಕಟದಲ್ಲೂ ನಮ್ಮ ಮನೆಗೆ ಬಂದು, ನನ್ನ ಮುಂದೆ ಪಾಟಿ ಇಟ್ಟು, "ಎಡಗೈಲೆ ಬರಿ. ವಾಂಕಡಿ, ಸೊಟ್ಟ ಆದ್ರೂ ಆಗ್ಲಿ, ಬರಿ" ಎಂದು ಕೂತವರು ಅವರೇ. ಮುಂದೆ ಓದಿ ಹೆಣ್ಣುಮಕ್ಕಳ ಸಾಲಿಯಲ್ಲಿ ನಾನು ಮಾಸ್ತರಬಾಯಿ ಆದೆ. ಹೋಗಿ ಹೇಳಿದಾಗ ಅವರು ಖುಷಿಪಡುವ ಬದಲು ತಲೆ ತಗ್ಗಿಸಿದರು. "ಆವತ್ತು ಆ ಮಾಲಿ ನಾನ ಕಿತ್ತು ಒಗೀಬೇಕಾಗಿತ್ತವಾ. ದೇವ್ರು ಸಿಟ್ಟಾಗ್ತಿದ್ದಿಲ್ಲ, ಸಾವುಕಾರ್ರು ಆಗ್ತಿದ್ರು. ನಾನು ಅವ್ರಿಗಿ ಅಂಜಿದೆ" ಎಂದರು. ನಾನು ಏನೋ ಸಮಾಧಾನ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ.

ಅವರು ತೀರಿಕೊಂಡ ದಿನ ಸಾಲಿ ಬಿಟ್ಟು ಓಡಿದೆ. ಕುಣಿಯಲ್ಲಿ ಇಳಿಸಿ ವಿಭೂತಿ, ಪತ್ರಿ ಹಾಕಿ ಆಗಿತ್ತು, ಮಣ್ಣು ಕೊಡುತ್ತಿದ್ದರು. ನಾನೂ ಒಂದು ಹಿಡಿ ಎತ್ತಿಕೊಂಡೆ. "ಎಡಗೈಲೆ ಹಾಕಬಾರದವಾ, ಬಲಗೈಲೆ..." ಎಂದ ಹಿರಿಯರೊಬ್ಬರು ನನ್ನ ಸೆರಗಿನೊಳಗಿನ ಮೊಂಡುಗೈ ಕಂಡು ದಾರಿ ಬಿಟ್ಟರು. ಹಾಕಿದೆ. ಎಲ್ಲರೂ ಹೊರಟ ಮೇಲೆ ನಾನೊಬ್ಬಳೇ ನಿಂತೆ. ಕೈಗೆ ಹತ್ತಿದ ಮಣ್ಣನ್ನು ಸೀರೆಗೆ ಒರೆಸಿಕೊಂಡು, ಆ ಹಸಿ ಮಣ್ಣಿನ ಮುಂದೆ ಬೆರಳು ಬಿಡಿಸಿ ಅಂಗೈ ಹಿಡಿದೆ. ಕೈ ತೋರಿಸಿ ಮನೆಗೆ ಬಂದೆ.