ಆ ಹೆಂಗಸಿನ ಕೈಗೆ ಸೂಜಿ ಕೊಟ್ಟವರು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಡಚ್ಚರ ಊರಾದ ಯುಟ್ರೆಕ್ಟಿನಲ್ಲಿ ಸಾರ್ವಜನಿಕ ಆಡಳಿತ ಓದುತ್ತಿದ್ದೆ. ನನ್ನ ಪ್ರಬಂಧದ ವಿಷಯ ಹೊಣೆಗಾರಿಕೆ. ರೈಲು ಹತ್ತು ನಿಮಿಷ ತಡವಾದರೂ ‘ಇದಕ್ಕೆ ಹೊಣೆ ಯಾರು?’ ಎಂದು ಪತ್ರ ಬರೆಯುತ್ತಿದ್ದೆ. ಆ ದೇಶದಲ್ಲಿ ಇಂಥ ಪತ್ರಗಳಿಗೆ ಉತ್ತರವೂ ಬರುತ್ತಿತ್ತು. ನನ್ನ ಅಹಂಕಾರ ಬೆಳೆದದ್ದು ಆ ಉತ್ತರಗಳನ್ನು ತಿಂದೇ.

ನಾನಿದ್ದ ಕಟ್ಟಡದ ಕೆಳಮಹಡಿಯಲ್ಲಿ ಒಂದು ಪುಟ್ಟ ಪ್ರವಾಸ ಕಚೇರಿಯಿತ್ತು. ಅದರ ಮಾಲೀಕರು ಭೂತಾನದ ನೇಯ್ಗೆ ನೋಡಬಯಸುವವರಿಗಾಗಿ ಹೊಸ ಪ್ರವಾಸ ಹೊರಡಿಸುವವರಿದ್ದರು. ಒಂದು ದಿನ ಮೆಟ್ಟಿಲ ಬಳಿ ನನ್ನನ್ನು ತಡೆದು, “ನೀವು ಆ ಕಡೆಯವರೇ ಅಲ್ಲವೆ? ನಮ್ಮ ಕೈಪಿಡಿಗೆ ನಾಲ್ಕು ಸಾಲು ಬರೆದುಕೊಡಿ” ಎಂದರು. ನನ್ನೂರು ಧಾರವಾಡ. ಅಲ್ಲಿಂದ ಭೂತಾನಕ್ಕೆ ಹೆಚ್ಚುಕಡಿಮೆ ಯುಟ್ರೆಕ್ಟಿನಿಂದ ಲಿಸ್ಬನ್ನಿಗಿರುವಷ್ಟು ದೂರ. ಲಿಸ್ಬನ್ನಿನ ಬಗ್ಗೆ ಅವರನ್ನು ಯಾರೂ ಏನೂ ಕೇಳಿದಂತಿರಲಿಲ್ಲ. ಇದನ್ನೆಲ್ಲ ಹೇಳಬಹುದಿತ್ತು. ಹೇಳದೆ, ತಜ್ಞಳಂತೆ ತಲೆಯಾಡಿಸಿದೆ.

ಅವರು ಒಂದು ಫೋಟೋ ಕೊಟ್ಟರು. ನೆಲದ ಮೇಲೆ ಕುಳಿತ ಹೆಂಗಸು. ಸೊಂಟದ ಹಿಂದಿನ ಪಟ್ಟಿ ಮಗ್ಗವನ್ನು ಬಿಗಿಯಾಗಿ ಎಳೆದು ಹಿಡಿದಿದೆ. ಮುಂದೆ ಚಿತ್ತಾರದ ಬಟ್ಟೆ. ಕೈಯಲ್ಲಿ ತೆಳ್ಳನೆಯ ಮೊನಚು ವಸ್ತು. ಕಸೂತಿ ಹಾಕುವವರ ನಡುವೆ ಬೆಳೆದವಳು ನಾನು. ಮೊನಚಾಗಿದ್ದುದೆಲ್ಲ ನನ್ನ ಕಣ್ಣಿಗೆ ಸೂಜಿ. ‘ಭೂತಾನದ ಹೆಣ್ಣುಮಕ್ಕಳು ಸೂಜಿಯ ಮೊನೆಯಲ್ಲಿ ತಮ್ಮ ಕನಸುಗಳನ್ನು ಹೊಲಿಯುತ್ತಾರೆ’ ಎಂದು ಬರೆದೆ. ಮಗ್ಗ ಕಣ್ಣೆದುರಿಗೇ ಇತ್ತು. ಆದರೆ ಕನಸು, ಸೂಜಿ, ಹೆಣ್ಣುಮಕ್ಕಳು ಒಂದೇ ವಾಕ್ಯದಲ್ಲಿ ಕೂಡಿಬಂದಾಗ ಮಗ್ಗವನ್ನು ಯಾರು ನೋಡುತ್ತಾರೆ? ವಾಕ್ಯ ಡಚ್ ಭಾಷೆಗೆ ಹೋಗಿ, ದಪ್ಪ ಕಾಗದದ ಮೇಲೆ ಅಚ್ಚಾಯಿತು.

ಮೊದಲ ತಂಡ ಹಿಂದಿರುಗಿದ ಮೇಲೆ, ಒಂದು ಭಾನುವಾರ ಮಧ್ಯಾಹ್ನ ಕಚೇರಿಯಲ್ಲಿ ಸ್ಲೈಡ್ ಪ್ರದರ್ಶನ ಏರ್ಪಟ್ಟಿತು. ರೈಸ್‌ವೈಕ್ ಎಂಬ ಊರಿನಲ್ಲಿದ್ದ, ಹುಬ್ಬಳ್ಳಿ ಕಡೆಯ ಎಂಜಿನಿಯರೊಬ್ಬರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಬಾಲ್ಯದಿಂದ ಕಸೂತಿ ಹಾಕಿದ ಕೈ ಅವರದು. ನನ್ನ ವಾಕ್ಯ ಮೆರೆಯುವುದನ್ನು ನೋಡಲಿ ಎಂದೇ, ‘ಭೂತಾನದ ಕಸೂತಿ’ ಎಂದಷ್ಟೇ ಹೇಳಿ ಅವರನ್ನು ಕರೆದೊಯ್ದಿದ್ದೆ. ಭೂತಾನದಿಂದ ತಂದ ಒಂದು ಬಟ್ಟೆ ಕೈಯಿಂದ ಕೈಗೆ ದಾಟಿ ನಮ್ಮ ಬಳಿ ಬಂತು. ಅಕ್ಕ ಕನ್ನಡಕ ಏರಿಸಿ, ಅದನ್ನು ಮಗುಚಿ, ಉಗುರಿನಿಂದ ಕೆರೆದು ನೋಡಿದರು.

“ತಂಗಿ, ಇದು ಕಸೂತಿ ಅಂತ ಯಾರ ಹೇಳ್ಯಾರ?”

“ಯಾಕಕ್ಕಾ?”

“ಸೂಜಿ ಮುಟ್ಟಿದ ಗುರುತೇ ಇಲ್ಲ. ನೇಯೂ ಮುಂದನ ಒಂದೊಂದ ಎಳಿ ಎತ್ತಿ ಬಣ್ಣದ ದಾರ ಸೇರ್ಸ್ಯಾಳ. ಎಣಿಸಿ ಎಣಿಸಿ ಆಕಿ ಕಣ್ಣ ಸೋತಿರಬೇಕು. ಸೂಜಿ ಅಂದವ್ರಿಗೆ ಕಣ್ಣ ಇದ್ದಿಲ್ಲೇನು?”

ಅಷ್ಟರಲ್ಲಿ ಪರದೆಯ ಮೇಲೆ ಆ ಫೋಟೋದ ಹೆಂಗಸೇ ಬಂದಳು. ಮಗ್ಗದ ಮುಂದೆ ಕುಳಿತು, ಇಂಜೆಕ್ಷನ್ ಕೊಡಲು ಹೊರಟ ನರ್ಸಿನಂತೆ ಒಂದು ಸೂಜಿಯನ್ನು ಎತ್ತಿ ಹಿಡಿದಿದ್ದಳು. ಕೋಣೆ ಚಪ್ಪಾಳೆ ತಟ್ಟಿತು. ಪ್ರವಾಸಿಯೊಬ್ಬರು ಉತ್ಸಾಹದಿಂದ ವಿವರಿಸಿದರು: “ಅವಳ ಬಳಿ ಇದ್ದದ್ದು ಬರೀ ಬಿದಿರಿನ ಕಡ್ಡಿ! ನಾವು ಕೈಪಿಡಿ ತೋರಿಸಿದೆವು. ಗೈಡ್ ಓಡಿಹೋಗಿ ಪಕ್ಕದ ಮನೆಯಿಂದ ಸೂಜಿ ತಂದುಕೊಟ್ಟ. ಅವಳು ಎಷ್ಟು ನಕ್ಕಳು ಗೊತ್ತೆ!” ಪರದೆಯ ಮೇಲಿನ ಮುಖದಲ್ಲಿ ನಗುವಿರಲಿಲ್ಲ. ನಮ್ಮ ಮಡಿಲಲ್ಲಿದ್ದ ಬಟ್ಟೆಗೆ ಅವಳ ಬದುಕಿನ ಹೆಚ್ಚುಕಡಿಮೆ ಒಂದು ವರ್ಷ ಹಿಡಿದಿತ್ತೆಂದು ಅದೇ ಪ್ರವಾಸಿ ಹೇಳಿದರು. ಆ ವರ್ಷದ ಕೀರ್ತಿಯೆಲ್ಲ ಪಕ್ಕದ ಮನೆಯ ಸೂಜಿಗೆ ಸಂದಿತ್ತು.

ಬರೆದವಳು ನಾನೇ ಎಂಬ ನೆನಪಿಗಿಂತ ಮೊದಲು ನನ್ನ ನಾಲಿಗೆ ಎದ್ದು ನಿಂತಿತು. “ನೇಯುವ ಹೆಂಗಸೊಬ್ಬಳ ವಿದ್ಯೆಗೆ ಮಾಡಿದ ಈ ಅವಮಾನಕ್ಕೆ ಹೊಣೆ ಯಾರು?”

“ನೀವು,” ಎಂದರು ಮಾಲೀಕರು. ಒಂದಿಷ್ಟೂ ಕೋಪವಿಲ್ಲದೆ ಕೈಪಿಡಿ ತೆರೆದು ನನ್ನ ವಾಕ್ಯವನ್ನು ಓದಿದರು. ಡಚ್ಚಿನಲ್ಲಿ ಅದು ಇನ್ನೂ ಕೆಟ್ಟದಾಗಿತ್ತು.

“ಏನಂದಾ ಅವಾ?” ಡಚ್ ಬಾರದ ಅಕ್ಕ ಕೇಳಿದರು.

“ನಾನೇ ಹೊಣೆ ಅಂತ.”

“ಹೌದೇನು? ಮತ್ತ ಹೇಳು ಉತ್ತರ. ನಿಂತು ಪ್ರಶ್ನೆ ಕೇಳೂದು ಭಾಳ ಹಗುರ ಇರ್ತದ.”

ಕೈಪಿಡಿ ತಿದ್ದಬೇಕೆಂದು ಪಟ್ಟುಹಿಡಿದೆ. ಮುಂದಿನ ತಂಡದ ಕಾರ್ಯಕ್ರಮದಲ್ಲಿ ಅರ್ಧ ಗಂಟೆಯ ಸೂಜಿ ಪಾಠವೂ ಸೇರಿದೆ, ಜನರಿಗೆ ಸೂಜಿ ಇಷ್ಟವಾಗಿದೆ, ಪ್ರತಿಗಳೂ ಅಚ್ಚಾಗಿವೆ ಎಂದರು ಮಾಲೀಕರು. ಕೊನೆಗೆ, ಆ ಪಾಠ ಕೈಬಿಡಲು ಒಪ್ಪಿ, ಪ್ರತಿಗಳ ಪೆಟ್ಟಿಗೆಗಳನ್ನು ನನ್ನ ಮುಂದಿಟ್ಟರು. ಅಕ್ಕನೂ ನಾನೂ ಕುಳಿತು ಪ್ರತಿಯೊಂದಕ್ಕೂ ಚೀಟಿ ಅಂಟಿಸಿದೆವು: ‘ಇದು ಹೊಲಿದದ್ದಲ್ಲ, ನೇಯ್ದದ್ದು. ಕೈಯಲ್ಲಿರುವುದು ಎಳೆ ಎತ್ತುವ ಕಡ್ಡಿ. ತಪ್ಪು ಬರೆದವಳದು.’ ಕೆಳಗೆ ನನ್ನ ಹೆಸರು.

“ಹೆಸರೇಕೆ? ಯಾರೂ ಕೇಳುವುದಿಲ್ಲ” ಎಂದರು ಮಾಲೀಕರು. ನನ್ನ ಪ್ರಬಂಧ ಪುಟಗಟ್ಟಲೆ ಹುಡುಕುತ್ತಿದ್ದ ವಾಕ್ಯವನ್ನು ಅವರು ಅಂಟಿನ ಡಬ್ಬಿಯ ಮುಚ್ಚಳ ಹಾಕುತ್ತ ಹೇಳಿಬಿಟ್ಟಿದ್ದರು.

ಮರುವರ್ಷದ ಪ್ರದರ್ಶನದಲ್ಲಿ ಅದೇ ಹೆಂಗಸು, ಅದೇ ಮಗ್ಗ. ಕೈಯಲ್ಲಿ ಕಡ್ಡಿ. ಕ್ಯಾಮೆರಾದ ಕಡೆ ನೋಡುವಷ್ಟು ಪುರುಸೊತ್ತು ಅವಳಿಗಿರಲಿಲ್ಲ; ಕಣ್ಣು ಎಳೆಗಳ ಮೇಲಿತ್ತು. ಚಪ್ಪಾಳೆ ಬೀಳಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ಹಿರಿಯರು ಎದ್ದರು.

“ಹೋದ ಸಲದವರಿಗೆ ಸೂಜಿ ನೋಡಲು ಸಿಕ್ಕಿತ್ತಂತೆ. ನಮಗೆ ಬರೀ ಕಡ್ಡಿ. ಇದಕ್ಕೆ ಹೊಣೆ ಯಾರು?”

ಮಾಲೀಕರು ನನ್ನತ್ತ ತಿರುಗುವ ಮೊದಲೇ ನಾನು ಎದ್ದು ನಿಂತು ನನ್ನ ಹೆಸರು ಹೇಳಿದೆ.